ರಾಡಿಗೂ ಒಂದು ಲೆಕ್ಕ ಇರಲಿ

ಮಾನ್ಯ ಸಂಪಾದಕರೇ,

ನಮ್ಮ ರಾಯಚೂರಿನಲ್ಲಿ ಒಳಚರಂಡಿ ಮಾತು ಬಂದರೆ ಎಲ್ಲರೂ ಪೈಪು, ಮ್ಯಾನ್‌ಹೋಲು, ಅಗೆದು ಬಿಟ್ಟ ರಸ್ತೆ ಅಂತಲೇ ಶುರು ಮಾಡುತ್ತಾರೆ. ಶುದ್ಧೀಕರಣ ಘಟಕದ ಕರೆಂಟ್ ಬಿಲ್ ಎಷ್ಟು, ಕೊನೆಗೆ ಉಳಿಯುವ ರಾಡಿ ಏನಾಗುತ್ತದೆ ಅಂತ ಯಾರೂ ಕೇಳುವುದಿಲ್ಲ.

ಗಾಳಿ ಊದಿ ಕೊಳಚೆ ನೀರು ಶುದ್ಧ ಮಾಡುವ ಘಟಕಗಳಲ್ಲಿ ಸುಮಾರು ಅರ್ಧದಷ್ಟು ಕರೆಂಟು ಬ್ಲೋವರ್‌ಗಳಿಗೇ ಹೋಗುತ್ತದೆ, ಕೆಲವು ಕಡೆ ಇನ್ನೂ ಜಾಸ್ತಿ. ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಲೀಟರಿಗೆ 2 ಮಿಲಿಗ್ರಾಂ ಆಮ್ಲಜನಕ ಇದ್ದರೆ ಸಾಮಾನ್ಯವಾಗಿ ಸಾಕು. ಊರು ಮಲಗಿ ನೀರು ಕಡಿಮೆ ಬರುವ ರಾತ್ರಿಯಲ್ಲೂ ಬೆಳಗಿನ ವೇಗದಲ್ಲೇ ಬ್ಲೋವರ್ ತಿರುಗಿದರೆ ದುಡ್ಡು ಗಾಳಿಗೆ ಹೋಯಿತು ಅಂತಲೇ ಅರ್ಥ, ಅಲ್ವಾ?

ಇದನ್ನೆಲ್ಲ ಮೊದಲೇ ಲೆಕ್ಕ ಹಾಕುವ ಗಣಿತದ ಮಾದರಿ, ಎಎಸ್‌ಎಂ1 ಅಂತ, 1987ರಲ್ಲೇ ಬಂದಿದೆ. ರಾಡಿ ಕೊಳೆಸಿ ಗ್ಯಾಸ್ ತೆಗೆಯುವುದಕ್ಕೆ 2002ರಲ್ಲಿ ಎಡಿಎಂ1 ಅನ್ನುವ ಇಂಥದ್ದೇ ಮಾದರಿ ಬಂತು. ಆದರೆ ತಂಪು ದೇಶದ ಅಂಕಿಗಳನ್ನು ಹಾಗೇ ಇಲ್ಲಿ ತುಂಬಿದರೆ ಕೆಲಸ ಕೆಟ್ಟಿತು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯ ನೀರು ಏಳೂವರೆಯಷ್ಟೇ ಹಿಡಿಯುತ್ತದೆ, ಅದೇ ಹೊತ್ತಿಗೆ ಬಿಸಿಗೆ ಬ್ಯಾಕ್ಟೀರಿಯಾಗಳ ಹಸಿವು ಹೆಚ್ಚುತ್ತದೆ. ನಮ್ಮ ಮೇ ತಿಂಗಳ ಬಗ್ಗೆ ನಾನು ಹೇಳಬೇಕೇ? ಒಂದು ಲಾಭವೂ ಇದೆ. ಗ್ಯಾಸ್ ತೆಗೆಯುವ ತೊಟ್ಟಿಗೆ 35 ಡಿಗ್ರಿ ಶಾಖ ಬೇಕು, ಚಳಿ ದೇಶದವರು ಅದಕ್ಕೆ ಇಂಧನ ಸುಡುತ್ತಾರೆ, ನಮಗೆ ಬೇಸಿಗೆಯಲ್ಲಿ ಅದರ ಬಹುಪಾಲು ಬಿಟ್ಟಿ.

ಒಣಗಿಸುವ ಲೆಕ್ಕ ಇನ್ನೂ ಸುಲಭ. 1,000 ಕೆಜಿ ತೆಳು ರಾಡಿಯಲ್ಲಿ ಗಟ್ಟಿ ಪದಾರ್ಥ 20 ಕೆಜಿ, ಮಿಕ್ಕಿದ್ದೆಲ್ಲ ನೀರು ಅಂತಿಟ್ಟುಕೊಳ್ಳಿ. ನೀರು ಹಿಂಡಿ ತೆಗೆದು ಗಟ್ಟಿ ಪದಾರ್ಥ ಶೇ 20 ಆಗುವಂತೆ ಮಾಡಿದರೆ ಉಳಿಯುವುದು 100 ಕೆಜಿ, ಅಂದರೆ 900 ಕೆಜಿ ನೀರು ಅಲ್ಲೇ ಹೋಯಿತು. ಅಷ್ಟೇ ನೀರನ್ನು ಕರೆಂಟಿನಿಂದ ಆವಿ ಮಾಡಲು ಕಡಿಮೆ ಅಂದರೂ 560 ಯೂನಿಟ್ ಬೇಕು! ಉಳಿದಿದ್ದನ್ನು ನಮ್ಮ ಬಿಸಿಲಿಗೆ ಹರಡಿದರಾಯಿತು. ಮಳೆಗಾಲಕ್ಕೆ ಮೇಲೊಂದು ಪಾರದರ್ಶಕ ಶೀಟಿನ ಚಾವಣಿ ಬೇಕು, ಅಷ್ಟೇ. ಒಣಗಿದ್ದನ್ನು ಹೊಲಕ್ಕೆ ಹಾಕುವ ಮುಂಚೆ ಭಾರಲೋಹ, ರೋಗಾಣುಗಳ ಪರೀಕ್ಷೆ ಮಾತ್ರ ತಪ್ಪಿಸಬಾರದು.

ಹಾಗಾಗಿ ಹೊಸ ಘಟಕದ ಟೆಂಡರ್ ಕರೆಯುವಾಗ ಕಟ್ಟುವ ಖರ್ಚಿನ ಜೊತೆ, ನಮ್ಮೂರಿನ ಉಷ್ಣಾಂಶ ಇಟ್ಟುಕೊಂಡು ಮಾಡಿದ ವರ್ಷವಿಡೀ ಕರೆಂಟಿನ ಲೆಕ್ಕವನ್ನೂ ಕೇಳಬೇಕು. ಹಳೇ ಘಟಕಗಳ ಲಾಗ್‌ಬುಕ್‌ಗಳನ್ನು ಇಲ್ಲಿನ ಎಂಜಿನಿಯರಿಂಗ್ ಹುಡುಗರಿಗೆ ಕೊಡಿ, ಪ್ರಾಜೆಕ್ಟ್ ಹೆಸರಲ್ಲಿ ಅವರೇ ಮಾದರಿ ಮಾಡಿ ತೋರಿಸುತ್ತಾರೆ.

— ನಿಮ್ಮ ಓದುಗ, ರಾಯಚೂರು