ಟೌನ್ ಕೌನ್ಸಿಲ್‌ಗೂ ಮತ ಹಾಕೋಣ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನಲ್ಲಿ ಜಿಲ್ಲಾ ಕೌನ್ಸಿಲ್‌ಗಳನ್ನು ರದ್ದುಪಡಿಸಿ ಏಕಸ್ತರದ (ಕೌಂಟಿ ಮತ್ತು ಜಿಲ್ಲೆ ಎರಡರ ಕೆಲಸವನ್ನೂ ನೋಡಿಕೊಳ್ಳುವ) ದೊಡ್ಡ ಕೌನ್ಸಿಲ್‌ಗಳನ್ನು ರಚಿಸುವ ಯೋಜನೆಯ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ವರದಿಯಲ್ಲಿ, ಸಣ್ಣ ಪಟ್ಟಣಗಳ ಜನರಿಗೆ ಅತಿ ಹತ್ತಿರವಿರುವ ಟೌನ್ ಕೌನ್ಸಿಲ್‌ಗಳ ಪ್ರಸ್ತಾಪವೇ ಇಲ್ಲದಿರುವುದು ದೊಡ್ಡ ಕೊರತೆ.

ಸಾಮರ್‌ಸೆಟ್‌ನ ಫ್ರೂಮ್ ಪಟ್ಟಣವನ್ನು ಗಮನಿಸಬಹುದು. ಅಲ್ಲಿ ಕೌಂಟಿ ಕೌನ್ಸಿಲ್ ಮತ್ತು ನಾಲ್ಕು ಜಿಲ್ಲಾ ಕೌನ್ಸಿಲ್‌ಗಳ ಬದಲಿಗೆ 2023ರ ಏಪ್ರಿಲ್ 1ರಂದು ಒಂದೇ ಸಾಮರ್‌ಸೆಟ್ ಕೌನ್ಸಿಲ್ ಜಾರಿಗೆ ಬಂದ ಮೇಲೆ, ಕಟ್ಟಡ ಪರವಾನಗಿಯಂಥ ವಿಷಯಗಳ ತೀರ್ಮಾನ ಊರಿನಿಂದ ಇನ್ನಷ್ಟು ದೂರ ಸರಿದಿದೆ. ಊರಿನದೇ ಎನ್ನಬಹುದಾದ ಸಂಸ್ಥೆಯಾಗಿ ಉಳಿದಿರುವುದು ಟೌನ್ ಕೌನ್ಸಿಲ್ ಮಾತ್ರ. ಅದರ ಅಧಿಕಾರ ಸೀಮಿತವಾದರೂ, ಮನೆಗಳ ಮೇಲಿನ ಸ್ಥಳೀಯ ತೆರಿಗೆಯಾದ ಕೌನ್ಸಿಲ್ ತೆರಿಗೆಯಲ್ಲಿ ತನ್ನ ಪಾಲನ್ನು ತಾನೇ ನಿಗದಿಪಡಿಸಿಕೊಂಡು ಉದ್ಯಾನಗಳಂಥ ಸ್ಥಳೀಯ ಸೌಕರ್ಯಗಳನ್ನು ಅದು ನೋಡಿಕೊಳ್ಳಬಲ್ಲದು. ಇಂಥ ಸಂಸ್ಥೆಯನ್ನು ಜನ ಎಷ್ಟು ಗಂಭೀರವಾಗಿ ಪರಿಗಣಿಸಬಹುದು ಎಂಬುದನ್ನೂ ಫ್ರೂಮ್ ತೋರಿಸಿಕೊಟ್ಟಿದೆ: 2011ರಲ್ಲಿ ಯಾವ ರಾಜಕೀಯ ಪಕ್ಷಕ್ಕೂ ಸೇರದ ಸ್ಥಳೀಯರ ಗುಂಪು 17 ಸ್ಥಾನಗಳಲ್ಲಿ 10ನ್ನೂ, 2015ರಲ್ಲಿ ಎಲ್ಲ 17ನ್ನೂ ಗೆದ್ದಿತು. ಆದರೆ ಇದು ಅಪರೂಪದ ಉದಾಹರಣೆ. ಎಷ್ಟೋ ಪಟ್ಟಣಗಳಲ್ಲಿ ಅಭ್ಯರ್ಥಿಗಳೇ ಸಾಲದೆ ಚುನಾವಣೆಯೇ ನಡೆಯುವುದಿಲ್ಲ ಎಂಬುದು ನಿಜಕ್ಕೂ ಬೇಸರದ ಸಂಗತಿ.

ಕಾಮನ್‌ವೆಲ್ತ್ ದೇಶದ ಪ್ರಜೆಗಳಾಗಿ, ಅಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಭಾರತೀಯರಿಗೂ ಈ ಚುನಾವಣೆಗಳಲ್ಲಿ ಮತದಾನದ ಹಕ್ಕಿದೆ. ಆದ್ದರಿಂದ ಇಂಗ್ಲೆಂಡಿನ ಪಟ್ಟಣಗಳಲ್ಲಿ ವಾಸಿಸುತ್ತಿರುವ ಕನ್ನಡಿಗರು ಮತದಾರರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿ, ಸಾರ್ವಜನಿಕರಿಗೆ ತೆರೆದಿರುವ ಕೌನ್ಸಿಲ್ ಸಭೆಗಳಿಗೆ ಹಾಜರಾಗಬೇಕು. ಅಲ್ಲಿನ ಕನ್ನಡ ಸಂಘಗಳು ಹೊಸದಾಗಿ ಬಂದವರಿಗೆ ಈ ಮಾಹಿತಿಯನ್ನು ಮೊದಲೇ ತಲುಪಿಸಬೇಕು.

– ಓರ್ವ ಓದುಗ