ಟೀ ಕುಡ್ದು ಬಸ್ ಹತ್ತೋ ಪಿಯು ಮಕ್ಕಳಿಗೂ ಬಿಸಿಯೂಟ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಮ್ದು ಹೊಸನಗರ ತಾಲ್ಲೂಕಿನ ಒಳಗಿನ ಹಳ್ಳಿ, ಬಸ್ ಹಿಡೀಬೇಕಂದ್ರೆ ಎರಡು ಕಿಲೋಮೀಟರ್ ನಡೀಬೇಕು, ಮಗಳು ಫಸ್ಟ್ ಪಿಯುಸಿ, ಏಳು ಗಂಟೆ ಬಸ್ ತಪ್ಪಿದ್ರೆ ಕಾಲೇಜ್ ತಪ್ಪಿದ ಹಾಗೇ, ಅದಕ್ಕೇ ಆರೂಕಾಲಿಗೆಲ್ಲ ಒಂದ್ ಲೋಟ ಟೀ ಕುಡ್ದು ಓಡ್ತಿದ್ಲು. ತಿಂಡಿ ತಿನ್ನೇ ಅಂದ್ರೆ ಇಷ್ಟು ಬೇಗ ಸೇರಲ್ಲ ಅಮ್ಮ ಅನ್ನೋಳು. ಹೋದ ತಿಂಗಳು ಕ್ಲಾಸಲ್ಲೇ ತಲೆಸುತ್ತಿ ಬಿದ್ಲು. ಡಾಕ್ಟ್ರು ರಕ್ತ ಎಲ್ಲ ಚೆಕ್ ಮಾಡಿ ಆಮೇಲೆ ಕೇಳಿದ್ದು, ರಾತ್ರಿ ಎಷ್ಟೊತ್ತಿಗೆ ಉಂಡಿದ್ದೆ ಅಂತ. ಎಂಟು ಗಂಟೆಗೆ. ಮಾರನೇ ದಿನ ಡಬ್ಬಿ ಬಿಚ್ಚೋದು ಮಧ್ಯಾಹ್ನ ಒಂದಕ್ಕೆ. ಹದಿನೇಳು ಗಂಟೆ ಆಯ್ತು ಸಾರ್, ನಾನು ತಾಯಿಯಾಗಿ ಒಂದಿನಾನೂ ಲೆಕ್ಕ ಹಾಕಿರ್ಲಿಲ್ಲ.

ಉಂಡ ಅನ್ನ ರೊಟ್ಟಿ ಎಲ್ಲ ಗ್ಲೂಕೋಸ್ ಆಗುತ್ತೆ, ಆಗಲೇ ಬೇಡದ್ದನ್ನ ಲಿವರ್ ಸುಮಾರು 100 ಗ್ರಾಂನಷ್ಟು ಕೂಡಿಟ್ಕೊಳುತ್ತೆ. ನಾವು ಮಲಗಿದ್ರೂ ಮೆದುಳು ಕೆಲಸ ಬಿಡಲ್ಲ, ಮೈ ತೂಕದಲ್ಲಿ 2 ಪರ್ಸೆಂಟ್ ಇರೋ ಅದು ಸುಮ್ನೆ ಕೂತಾಗ ಖರ್ಚಾಗೋ ಶಕ್ತೀಲಿ ಹತ್ತಿರಹತ್ತಿರ 20 ಪರ್ಸೆಂಟ್ ತಾನೇ ತಗೊಳುತ್ತೆ, ರಾತ್ರಿಯಿಡೀ ಲಿವರ್ ಅದಕ್ಕೆ ಒದಗಿಸಿ ಒದಗಿಸಿ ಬೆಳಗಾಗೋ ಹೊತ್ತಿಗೆ ಕೂಡಿಟ್ಟಿದ್ರಲ್ಲಿ ಬಹುಪಾಲು ಖಾಲಿ. ಆಮೇಲೂ ಊಟ ಬರ್ಲಿಲ್ಲ ಅಂದ್ರೆ ಕೊಬ್ಬು ಕರಗಿಸುತ್ತೆ, ಮಾಂಸಖಂಡದ ಪ್ರೋಟೀನ್ ಒಡೆದು ಗ್ಲೂಕೋಸ್ ಮಾಡ್ಕೊಳುತ್ತೆ. ಬೆಳೆಯೋ ಹುಡುಗಿ ಮೈಯಿಂದ ಹೀಗೆ ದಿನಾ ಕಿತ್ಕೊಳ್ಳೋದಾ?

ಆ ಟೀನಲ್ಲಿ ಏನಿದೆ ಅಂತ ನೋಡಿ. ಎರಡು ಚಮಚ ಸಕ್ಕರೆ ಅಂದ್ರೆ 10 ಗ್ರಾಂ, ಗ್ರಾಂಗೆ 4 ಕ್ಯಾಲೊರಿ ಹಾಗೆ 40, ಹಾಲು ಸೇರಿಸಿದ್ರೂ ನೂರರ ಒಳಗೇ. 16ರಿಂದ 18 ವರ್ಷದ ಹುಡುಗೀರಿಗೆ ದಿನಕ್ಕೆ ಬೇಕಾಗೋದು ಸುಮಾರು 2500.

ಈಗ ಐದೂವರೆಗೇ ಗಂಜಿ ಇಡ್ತೀನಿ, ಒಂದ್ ಚಮಚ ತುಪ್ಪ, ಮಾವಿನಮಿಡಿ ಉಪ್ಪಿನಕಾಯಿ. ರೊಟ್ಟಿ ಇಳಿಯದ ಹೊತ್ತಲ್ಲೂ ಗಂಜಿ ಇಳಿಯುತ್ತೆ. ಬೇಯಿಸಿದ ಹೆಸರುಕಾಳು ಸಣ್ಣ ಡಬ್ಬೀಲಿ ಬೇರೆ ಹಾಕಿ ಕೊಡ್ತೀನಿ, ಬಸ್ಸಲ್ಲಿ ತಿಂತಾಳೆ. ಆದ್ರೆ ಅಡಿಕೆ ಕೊಯ್ಲಿನ ಟೈಮಲ್ಲಿ ಬೆಳಗಿನ ಜಾವಕ್ಕೇ ಅಪ್ಪ ಅಮ್ಮ ಇಬ್ರೂ ಕೂಲಿಗೆ ಹೋಗೋ ಮನೆ ಮಕ್ಕಳಿಗೆ ಯಾರು ಗಂಜಿ ಇಡ್ತಾರೆ, ಅವ್ರ ಬ್ಯಾಗಲ್ಲಿ ಎಷ್ಟೋ ದಿನ ಮಧ್ಯಾಹ್ನದ ಡಬ್ಬೀನೂ ಇರಲ್ವಂತೆ, ಐದು ರೂಪಾಯಿ ಬಿಸ್ಕೆಟ್ ಪ್ಯಾಕೆಟ್ಟೇ ಊಟ ಅಂತ ಮಗಳು ಹೇಳಿದ ದಿನ ನಂಗೆ ಅನ್ನ ಸೇರ್ಲಿಲ್ಲ.

ಹತ್ತನೇ ಕ್ಲಾಸ್ ತನಕ ಸರ್ಕಾರ ಬಿಸಿಯೂಟ ಕೊಡುತ್ತೆ, ಕ್ಷೀರಭಾಗ್ಯದ ಹಾಲು ಕೊಡುತ್ತೆ, ತುಂಬಾ ಒಳ್ಳೇದಾಗಿದೆ. ಪಿಯುಗೆ ಹೋದ ಕೂಡ್ಲೇ ಅದು ನಿಲ್ಲುತ್ತೆ. ನಮ್ಮ ಕಡೆ ಹೈಸ್ಕೂಲು ಪಿಯು ಕಾಲೇಜು ಎರಡೂ ಒಂದೇ ಕಾಂಪೌಂಡಲ್ಲಿ ಇರೋ ಕಡೆ ಹೋಗಿ ನೋಡಿ, ಈ ಕಡೆ ಮಕ್ಕಳು ತಟ್ಟೆ ಹಿಡಿದು ಸಾಲಲ್ಲಿ ನಿಂತಿರ್ತಾರೆ, ಮಾರ್ಚ್ ತನಕ ಅದೇ ಸಾಲಲ್ಲಿದ್ದ ಮಕ್ಕಳು ಈಗ ಆ ಕಡೆ ಜಗಲಿ ಮೇಲೆ ಕೂತು ಸಾಂಬಾರಿನ ವಾಸನೆ ಕುಡೀತಿರ್ತಾರೆ. ಅಡುಗೆಮನೆ ಇದೆ, ಒಲೆ ಇದೆ, ಅಡುಗೆಯವ್ರಿದ್ದಾರೆ. ಬರೋ ಜೂನ್‌ನಿಂದ ಮೊದಲು ಇಂಥ ಕಾಲೇಜುಗಳಲ್ಲಾದ್ರೂ ಪಿಯು ಮಕ್ಕಳಿಗೆ ಊಟ ಶುರು ಮಾಡ್ಬೇಕು ಅಂತ ನಮ್ಮ ಶಾಸಕರನ್ನೂ ಶಿಕ್ಷಣ ಇಲಾಖೆಯನ್ನೂ ಕೇಳ್ಕೋತೀನಿ.

ಒಬ್ಬ ತಾಯಿ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ