ಒಂಬತ್ತನೇ ತರಗತಿಯ ಪೋಷಕರಿಗೆ: ಗುಲಾಮರ ಹಡಗುಗಳ ಅಂಕಿಅಂಶ ಅಧ್ಯಯನದ ಕುರಿತು

ಮಾನ್ಯ ಪೋಷಕರೇ,

ನಮಸ್ಕಾರಗಳು. ಒಂಬತ್ತನೇ ತರಗತಿಯ ಮಕ್ಕಳು ಎರಡು ವಾರಗಳಿಂದ ಗಣಿತ ಮತ್ತು ಸಮಾಜ ವಿಜ್ಞಾನದ ಅವಧಿಗಳನ್ನು ಸೇರಿಸಿಕೊಂಡು, ಆಫ್ರಿಕಾದಿಂದ ಅಟ್ಲಾಂಟಿಕ್ ಸಾಗರದಾಚೆಗೆ ಗುಲಾಮರಾಗಿ ಸಾಗಿಸಲ್ಪಟ್ಟವರ ದಾಖಲೆಗಳನ್ನು ಅಭ್ಯಾಸ ಮಾಡುತ್ತಿದ್ದಾರೆ. ಇಷ್ಟು ಕ್ರೂರವಾದ ವಿಷಯ ಈ ವಯಸ್ಸಿಗೆ ಬೇಕೇ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಕೇಳಲೇಬೇಕಾದ ಪ್ರಶ್ನೆ ಅದು. ಹಾಗಾಗಿ ತರಗತಿಯಲ್ಲಿ ನಡೆದುದನ್ನೇ ತಿಳಿಸುತ್ತಿದ್ದೇನೆ.

ಬಂದರುಗಳ ಕಡತ, ವ್ಯಾಪಾರಿಗಳ ಲೆಕ್ಕದ ಪುಸ್ತಕ ಮುಂತಾದವುಗಳಿಂದ ವಿದ್ವಾಂಸರು ದಶಕಗಳ ಕಾಲ ಕಲೆಹಾಕಿದ ಸುಮಾರು 36,000 ಯಾನಗಳ ವಿವರ ‘ಸ್ಲೇವ್ ವಾಯೇಜಸ್’ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಒಂದು ಸಾಲು ಎಂದರೆ ಒಂದು ಯಾನ: ಹಡಗಿನ ಹೆಸರು, ಬಂದರು, ಹತ್ತಿಸಿಕೊಂಡವರ ಸಂಖ್ಯೆ, ಇಳಿಸಿದವರ ಸಂಖ್ಯೆ. ಮೊದಲ ದಿನದ ಕೆಲಸ ಬರೀ ಕಳೆಯುವ ಲೆಕ್ಕ. ಉತ್ತರ ಬರೆಯಲು ಹೊಸ ಕಾಲಂ ಹಾಕಿಕೊಂಡ ಹುಡುಗಿಯೊಬ್ಬಳು, “ಸರ್, ಇದಕ್ಕೆ ಏನಂತ ಹೆಸರು ಬರೆಯಲಿ?” ಎಂದು ಕೇಳಿದಳಂತೆ. ಸುಮಾರು 1 ಕೋಟಿ 25 ಲಕ್ಷ ಜನರನ್ನು ಹಡಗು ಹತ್ತಿಸಲಾಯಿತು, ದಡ ಸೇರಿದವರು 1 ಕೋಟಿ 7 ಲಕ್ಷ ಎಂಬುದು ಇತಿಹಾಸಕಾರರ ಅಂದಾಜು. ಉಳಿದ 18 ಲಕ್ಷ ಜನರೇ ಅವಳ ಆ ಕಾಲಂ.

ಮಕ್ಕಳು ಹೆಚ್ಚು ಹೊತ್ತು ಕಳೆದದ್ದು ಪಟ್ಟಿಯ ಖಾಲಿ ಮನೆಗಳ ಮುಂದೆ. ಅನೇಕ ಯಾನಗಳಿಗೆ ಸಂಖ್ಯೆಗಳೇ ಉಳಿದಿಲ್ಲ. ಇಳಿದವರ ಕಾಲಂ ಖಾಲಿಯಿದ್ದಲ್ಲಿ ಒಂದು ಗುಂಪು ಸೊನ್ನೆ ತುಂಬಿದ್ದರಿಂದ ಹಡಗಿನಲ್ಲಿದ್ದವರೆಲ್ಲ ಸತ್ತಂತಾಯಿತು. ಹತ್ತಿದವರ ಕಾಲಂನಲ್ಲಿ ಸೊನ್ನೆ ತುಂಬಿದ ಇನ್ನೊಂದು ಗುಂಪಿಗೆ ಸಾವಿನ ಸಂಖ್ಯೆ ಋಣದಲ್ಲಿ ಬಂತು. ದಾಖಲೆ ಉಳಿದಿಲ್ಲ ಎನ್ನುವುದು ಬೇರೆ, ಯಾರೂ ಇರಲಿಲ್ಲ ಎನ್ನುವುದು ಬೇರೆ ಎಂಬುದನ್ನು ತಿಳಿಸಲು ಎರಡು ಅವಧಿಗಳು ಹಿಡಿದವು. ಅಷ್ಟು ಸಮಯ ಕೊಟ್ಟದ್ದು ಸರಿಯೆಂದೇ ನನ್ನ ಅಭಿಪ್ರಾಯ.

ಹೆಚ್ಚಿನವರು ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಹೋದರೆಂದು ಮಕ್ಕಳು ಎಣಿಸಿದ್ದರು. ಉತ್ತರ ಅಮೆರಿಕದ ಮುಖ್ಯ ಭೂಭಾಗಕ್ಕೆ ಆಫ್ರಿಕಾದಿಂದ ನೇರವಾಗಿ ಬಂದಿಳಿದವರು 4 ಲಕ್ಷಕ್ಕೂ ಕಡಿಮೆ. ಬ್ರೆಜಿಲ್‌ನಲ್ಲಿ ಸುಮಾರು 48 ಲಕ್ಷ.

ಸಿದ್ದಿ ಸಮುದಾಯದ ಪೋಷಕರೊಬ್ಬರು ತಮ್ಮ ಹಿರಿಯರೂ ಈ ಪಟ್ಟಿಯಲ್ಲಿರುವರೇ ಎಂದು ವಿಚಾರಿಸಿದ್ದರು. ಇಲ್ಲ. ಉತ್ತರ ಕನ್ನಡದ ಸಿದ್ದಿಗಳ ಪೂರ್ವಿಕರು ಆಫ್ರಿಕಾದಿಂದ ಬಂದದ್ದು ಹಿಂದೂ ಮಹಾಸಾಗರದ ದಾರಿಯಲ್ಲಿ. ಅವರಲ್ಲಿ ಹಲವರನ್ನು ಪೋರ್ಚುಗೀಸರು ಗೋವೆಗೆ ಕರೆತಂದರು. ಆ ಇತಿಹಾಸವನ್ನು ಇದರೊಂದಿಗೆ ಬೆರೆಸದೆ, ಬೇರೆಯಾಗಿಯೇ ಹೇಳಿಕೊಡುತ್ತೇವೆ.

ಮುಂದಿನ ವಾರ ಹೆಸರುಗಳ ದಾಖಲೆ ತೆರೆಯಲಿದ್ದೇವೆ. ಗುಲಾಮರ ವ್ಯಾಪಾರವನ್ನು ನಿಷೇಧಿಸಿದ 1807ರ ಬ್ರಿಟಿಷ್ ಕಾನೂನಿನ ನಂತರ ಅಲ್ಲಿನ ನೌಕಾಪಡೆ ಹಿಡಿದ ಹಡಗುಗಳಿಂದ ಬಿಡಿಸಿದವರ ಹೆಸರು, ವಯಸ್ಸು, ಎತ್ತರಗಳನ್ನು ಪಶ್ಚಿಮ ಆಫ್ರಿಕಾದ ಬಂದರು ಫ್ರೀಟೌನ್‌ನಂತಹ ಕಡೆ ಬರೆದಿಡಲಾಯಿತು. ಇಂತಹ 91,000ಕ್ಕೂ ಹೆಚ್ಚು ಹೆಸರುಗಳಿವೆ. ಚಿಕ್ಕ ಮಕ್ಕಳವೂ ಇವೆ. ಅದನ್ನು ಓದಿ ಬಂದ ದಿನ ನಿಮ್ಮ ಮಗು ಮನೆಯಲ್ಲಿ ಮಾತು ತೆಗೆದರೆ ದಯವಿಟ್ಟು ಕೂತು ಕೇಳಿ. ನಿದ್ದೆಗೆಟ್ಟರೆ ಅಥವಾ ತೀರಾ ಮಂಕಾದರೆ ಮರುದಿನವೇ ನನಗೆ ತಿಳಿಸಿ. ಆ ಮಗುವಿಗೆ ಬೇರೆ ಕೆಲಸ ಕೊಡುತ್ತೇವೆ, ಅಂಕ ಕಡಿತವಿರುವುದಿಲ್ಲ.

ಇಂತಿ,
ಮುಖ್ಯೋಪಾಧ್ಯಾಯಿನಿ